ತಕ್ಕಡಿಯ ಮೇಲೆ ನನ್ನ ಕೈ

ನನ್ನ ಕೈ ಭಾರ. ತೀರ ಈಚಿನವರೆಗೂ ಇದನ್ನು ನಾನು ಜಂಬದಿಂದಲೇ ಹೇಳಿಕೊಳ್ಳುತ್ತಿದ್ದೆ.

ಯೂನಿಯನ್ ಸಿಟಿಯಿಂದ ಕ್ಯುಪರ್ಟಿನೋವರೆಗೆ ನಮ್ಮ ಪರಿಚಯದ ಕನ್ನಡದವರ ಮನೆಯಲ್ಲಿ ಕೂಸು ಹುಟ್ಟಿದರೆ, ಹತ್ತು ಹನ್ನೆರಡು ದಿನಕ್ಕೆ ನನಗೊಂದು ಫೋನು ಬರುತ್ತಿತ್ತು. “ಆಂಟಿ, ಹೊಕ್ಕಳಬಳ್ಳಿ ಬಿತ್ತು. ಯಾವತ್ತು ಬರ್ತೀರಾ?” ಎಂದು. ಕೂಸಿಗೆ ಎಣ್ಣೆ ಹಚ್ಚಿ, ನೀವಿ, ಚಾಚಿದ ಕಾಲುಗಳ ಮೇಲೆ ಮಲಗಿಸಿಕೊಂಡು ಬಿಸಿನೀರು ಎರೆಯುವ ಕೆಲಸ ನನ್ನದು. ಧಾರವಾಡದಲ್ಲಿ ನಮ್ಮ ಓಣಿಯ ಕೂಸುಗಳಿಗೆಲ್ಲ ಎರೆಯುತ್ತಿದ್ದ ಅಜ್ಜಿಯ ಪಕ್ಕದಲ್ಲಿ ತಂಬಿಗೆ ಹಿಡಿದು ಕೂತು ಕಲಿತದ್ದು. ಇಲ್ಲಿನ ಬಾತ್‌ಟಬ್ಬು ಈ ಕೆಲಸಕ್ಕಾಗಿ ಮಾಡಿದ್ದಲ್ಲ. ಅದರೊಳಗೆ ಪ್ಲಾಸ್ಟಿಕ್ ಮಣೆ ಹಾಕಿಕೊಂಡು, ಚೂಡಿದಾರದ ಪ್ಯಾಂಟು ಮೊಣಕಾಲವರೆಗೆ ಮಡಚಿ, ನಲ್ಲಿಯ ಕೆಳಗಿನ ಗೋಡೆಗೆ ಅಂಗಾಲು ಒತ್ತಿ ಕೂರಬೇಕು. ಏಳುವಾಗ ಇಬ್ಬರು ಎಬ್ಬಿಸಬೇಕು. ಎರೆದ ಮೇಲೆ ಲೋಬಾನದ ಹೊಗೆ ಹಾಕುವ ಪದ್ಧತಿಯನ್ನು ಮಾತ್ರ ಬಿಟ್ಟಿದ್ದೇನೆ. ಒಮ್ಮೆ ಸ್ಮೋಕ್ ಅಲಾರ್ಮು ಕೂಗಿ, ಒಂದಿಡೀ ಅಪಾರ್ಟ್‌ಮೆಂಟಿನ ಜನ ಪಾರ್ಕಿಂಗ್ ಲಾಟಿನಲ್ಲಿ ನಿಂತು ಆ ಕೂಸಿನ ಹೊಗೆ ಆರುವುದನ್ನು ಕಾದಿದ್ದರು.

ಎರೆದು ಬಂದ ಮೇಲೆ ನೋಟುಬುಕ್ಕಿನಲ್ಲಿ ಕೂಸಿಗೊಂದು ಸಾಲು ಬರೆದಿಡುವುದು ನನ್ನ ಅಭ್ಯಾಸ. “ಎಣ್ಣೆ: ಎರಡು ಚಮಚ. ಅತ್ತದ್ದು: ಪೂರ್ತಿ. ಉಚ್ಚೆ: ನನ್ನ ಮೇಲೆ. ನಿದ್ದೆ: ಮೂರು ತಾಸು.” ನನ್ನ ಕೈಯಲ್ಲಿ ಎರೆಸಿಕೊಂಡು ಮೂರು ತಾಸಿಗಿಂತ ಕಡಿಮೆ ಮಲಗಿದ ಕೂಸು ಅಪರೂಪ. ಅದು ನಿದ್ದೆಯಲ್ಲ, ಎಚ್ಚರ ತಪ್ಪಿರುವುದು ಎಂದು ನಮ್ಮ ಮನೆಯವರು ಹೇಳುತ್ತಾರೆ.

“ನಿಂದು ಕೈ ಅಲ್ಲಲೇ, ಒನಕಿ ಅದು,” ಎಂದು ಅವರು ಬಂದವರ ಮುಂದೆಲ್ಲ ಹೇಳುವುದುಂಟು. ಹೋಳಿಗೆಯ ಕಣಕ ನಾದುವಾಗ ನಮ್ಮ ಅಡುಗೆಮನೆಯ ಕಪಾಟಿನ ಬಾಗಿಲು ತಾನಾಗಿಯೇ ತೆರೆದುಕೊಳ್ಳುವುದಂತೂ ನಿಜ.

ಪ್ಲೆಸೆಂಟನ್‌ನಲ್ಲಿರುವ ಮಗಳು ಬಸುರಿಯಾದಾಗ ನನಗೆ ಹೊಳೆದದ್ದು ಮೊದಲು ನನ್ನ ಕೈ. ಊರವರ ಕೂಸುಗಳಿಗೆಲ್ಲ ಎರೆದದ್ದು ಬರೀ ರಿಹರ್ಸಲ್ಲು, ಈಗ ಬಂತು ನೋಡು ನನ್ನ ಕೂಸು ಎಂದುಕೊಂಡೆ. ಹುಟ್ಟುವ ಮೊದಲು ಏನೂ ಕೊಂಡಿಡಬಾರದು ಎನ್ನುವವಳು ನಾನೇ. ಆದರೂ ಒಂದು ಹೊಸ ಮಣೆ ತಂದು ಗರಾಜಿನಲ್ಲಿ ಅಕ್ಕಿ ಚೀಲದ ಹಿಂದೆ ಇಟ್ಟೆ. ಅಕ್ಕಿ ಚೀಲದ ಹಿಂದಿಟ್ಟದ್ದು ಲೆಕ್ಕಕ್ಕಿಲ್ಲ ಎಂದು ನನಗೆ ನಾನೇ ರಿಯಾಯಿತಿ ಕೊಟ್ಟುಕೊಂಡಿದ್ದೆ.

ಐದನೆಯ ತಿಂಗಳಲ್ಲಿ ದೊಡ್ಡ ಸ್ಕ್ಯಾನು. ಅಳಿಯನಿಗೆ ಮೀಟಿಂಗು ಇತ್ತೆಂದು ನಾನು ಹೋದೆ. ಸ್ಕ್ಯಾನು ಮಾಡುತ್ತಿದ್ದ ಹುಡುಗಿ ಮೊದಲು ತುಂಬ ಮಾತಾಡುತ್ತಿದ್ದಳು. ಇದು ಮೂಗು, ಇದು ಬೆನ್ನುಮೂಳೆ, ನೋಡಿ ಹೇಗೆ ಆಕಳಿಸುತ್ತಿದೆ ಎಂದೆಲ್ಲ. ಕಾಲಿಗೆ ಬಂದಳು. ಒಂದು ಕಾಲು ಅಳೆದಳು, ಇನ್ನೊಂದು ಅಳೆದಳು, ಮತ್ತೆ ಮೊದಲನೆಯದಕ್ಕೆ ಹೋದಳು. ಬಟ್ಟೆ ಅಂಗಡಿಯಲ್ಲಿ ಅಳತೆ ತಪ್ಪಿ ಹರಿದವರು ಹೀಗೇ ಎರಡೆರಡು ಸಲ ಅಳೆಯುತ್ತಾರೆ. ಆಮೇಲೆ ಒಬ್ಬ ಡಾಕ್ಟರು ಬಂದು, ಎಡಗಾಲು ತೊಡೆಯಿಂದ ಪಾದದವರೆಗೆ ಬಲಗಾಲಿಗಿಂತ ದಪ್ಪವಿದೆ, ಒಳಗೆ ಕಪ್ಪು ಕಪ್ಪು ಪೊಟರೆಗಳಂತೆ ಕಾಣುತ್ತಿವೆ, ಕೊಲ್ಲಿಯ ಸೇತುವೆಯಾಚೆಯ ದೊಡ್ಡ ಆಸ್ಪತ್ರೆಗೆ ಹೋಗಿ ತೋರಿಸಬೇಕು ಎಂದರು. ಮಗಳು ತಲೆಯಾಡಿಸಿದಳು. ಕಾರಿನಲ್ಲಿ ಕೂತ ಮೇಲೆ ಬೆಲ್ಟು ಹಾಕಿಕೊಳ್ಳಲು ಮರೆತು, ಕಾರು ಟಿಂಗ್ ಟಿಂಗ್ ಎನ್ನುತ್ತಿದ್ದರೂ ಕೇಳದೆ, ಬಹಳ ಹೊತ್ತು ಹಾಗೇ ಕೂತಳು. ನಾನು ಡಬ್ಬಿ ತೆಗೆದು ಹಚ್ಚಿದ ಅವಲಕ್ಕಿ ಕೈಗೆ ಕೊಟ್ಟೆ. ತಿಂದಳು.

ಎರಡು ವಾರದ ಮೇಲೆ, ಎಂಆರ್‌ಐ ಕೂಡ ಆದ ಮೇಲೆ, ಆ ದೊಡ್ಡ ಆಸ್ಪತ್ರೆಯಲ್ಲಿ ಒಂದು ದುಂಡು ಮೇಜಿನ ಸುತ್ತ ನಮ್ಮನ್ನು ಕೂರಿಸಿದರು. ಮಗಳು, ಅಳಿಯ, ನಾನು. ಎದುರಿಗೆ ಎತ್ತರದ ಒಬ್ಬ ಡಾಕ್ಟರಮ್ಮ. ಬೆಳ್ಳಿ ಕೂದಲು, ತೋಳು ಮಡಚಿದ ಅಂಗಿ. ಆಕೆ ಒಂದು ಹಾಳೆಯ ಮೇಲೆ ಕಾಲಿನ ಚಿತ್ರ ಬರೆದು, ನನಗೂ ತಿಳಿಯುವ ಹಾಗೆ ಹೇಳಿದರು. ಕೂಸಿನ ಎಡಗಾಲಿನ ಸಣ್ಣ ಸಣ್ಣ ರಕ್ತನಾಳಗಳಿಗೆ ಎಲ್ಲಿ ನಿಲ್ಲಬೇಕೆಂಬುದು ತಿಳಿದಿಲ್ಲ, ಬೆಳೆಯುತ್ತಲೇ ಇವೆ, ಅವುಗಳ ಜೊತೆ ಮಾಂಸ ಮೂಳೆಯೂ ಬೆಳೆಯುತ್ತಿವೆ. ತುಂಬ ಅಪರೂಪ. ಇಬ್ಬರು ಹಳೆಯ ಡಾಕ್ಟರರ ಹೆಸರು ಕೂಡಿಸಿ ಇಟ್ಟಿರುವ ಕಾಯಿಲೆ. ಆ ಹೆಸರನ್ನು ಸರಿಯಾಗಿ ಹೇಳುವುದು ನಮ್ಮ ಮನೆಯಲ್ಲಿ ಇವತ್ತಿಗೂ ಮಗಳೊಬ್ಬಳಿಗೇ ಬರುವುದು. ತಂದೆ ತಾಯಿಯಿಂದ ಬಂದದ್ದಲ್ಲ, ತಿಂದದ್ದರಿಂದ ಉಂಡದ್ದರಿಂದ ಆದದ್ದಲ್ಲ. ಕೂಸು ಇನ್ನೂ ಕಾಳಿನಷ್ಟಿದ್ದಾಗ ಒಂದು ಜೀವಕಣದಲ್ಲಿ ಆದ ಹೆಚ್ಚುಕಡಿಮೆ. ದೊಡ್ಡ ಕಾಲಿಗೆ ರಕ್ತ ಹೆಚ್ಚು ಬೇಕು, ಅದನ್ನು ಒದಗಿಸುವ ಹೃದಯ ದಣಿಯುತ್ತಿದೆಯೇ ಎಂದು ಎರಡು ವಾರಕ್ಕೊಮ್ಮೆ ನೋಡೋಣ. ಹುಟ್ಟಿದ ಮೇಲೆ ಬಿಗಿ ಸಾಕ್ಸು, ಬೇಕಾದರೆ ಔಷಧಿ. ಆಪರೇಶನ್ನಿಗೆ ಅವಸರವೇನೂ ಇಲ್ಲ.

ಎಲ್ಲ ಕೇಳಿ ನನಗೆ ಎಷ್ಟೋ ಸಮಾಧಾನವಾಯಿತು. ಯಾಕೆಂದರೆ ನನಗೆ ಅರ್ಥವಾದದ್ದೇ ಬೇರೆ. ಚಪ್ಪಟೆ ತಲೆಯನ್ನು ನೀವಿ ದುಂಡಗೆ ಮಾಡಿದವಳು ನಾನು. ಡೊಂಕು ಕಾಲು ನೆಟ್ಟಗೆ ಮಾಡಿದ್ದೇನೆ, ಮೊಂಡು ಮೂಗು ಎಳೆದು ಚೂಪು ಮಾಡಿದ್ದೇನೆ ಎಂಬ ನಂಬಿಕೆಯಲ್ಲಿದ್ದೆ. ಒಂದು ದಪ್ಪ ಕಾಲು ನನಗೆ ಯಾವ ಲೆಕ್ಕ?

“ಡಾಕ್ಟರ್, ಚಿಂತೆ ಮಾಡಬೇಡಿ,” ಎಂದು ನನ್ನ ಇಂಗ್ಲಿಷಿನಲ್ಲಿ ಆಕೆಗೇ ಧೈರ್ಯ ಹೇಳಿದೆ. “ದಿನಾ ಎಣ್ಣೆ ಹಚ್ಚಿ ಕೆಳಗಿನಿಂದ ಮೇಲಕ್ಕೆ ಒತ್ತಿ ಒತ್ತಿ ನೀವುತ್ತೇನೆ. ಆರು ತಿಂಗಳಲ್ಲಿ ಎರಡೂ ಕಾಲು ಸಮ.”

ಡಾಕ್ಟರಮ್ಮ ನಗಲಿಲ್ಲ. ಪೆನ್ನು ಕೆಳಗಿಟ್ಟರು. “ಹೇಗೆ ನೀವುತ್ತೀರಿ, ಸ್ವಲ್ಪ ತೋರಿಸುತ್ತೀರಾ?” ಎಂದು ಕೇಳಿ, ಮೇಜಿನ ಮೇಲೆ ತಮ್ಮ ತೋಳು ಚಾಚಿದರು.

ಮಗಳು “ಡೋಂಟ್” ಎನ್ನುವುದರೊಳಗೆ ನಾನು ಮಣಿಕಟ್ಟಿನಿಂದ ಮೊಣಕೈವರೆಗೆ ಮೂರು ಸಲ ನೀವಿಬಿಟ್ಟಿದ್ದೆ. ಅಷ್ಟು ದೊಡ್ಡ ಆಸ್ಪತ್ರೆಯ ಮುಂದೆ ಧಾರವಾಡದ ಮಾನ ಉಳಿಸಬೇಕಲ್ಲ, ಸ್ವಲ್ಪ ಹೆಚ್ಚೇ ಒತ್ತಿದೆನೋ ಏನೋ. ಕೈ ತೆಗೆದಾಗ ಆಕೆಯ ಬಿಳಿ ತೋಳಿನ ಮೇಲೆ ನನ್ನ ನಾಲ್ಕು ಬೆರಳು ಕೆಂಪಗೆ ಮೂಡಿ ನಿಂತಿದ್ದವು. ಡಾಕ್ಟರಮ್ಮ ಅದನ್ನು ನೋಡಿದರು. ಅಳಿಯ ಕಿಟಕಿಯ ಹೊರಗೆ ನೋಡಿದ.

“ಈ ಕೈಯನ್ನು ಆ ಕಾಲಿನ ಮೇಲೆ ಇಡಬಾರದು,” ಎಂದು ಆಕೆ ಮೆಲ್ಲಗೆ ಹೇಳಿದರು. ನಾಳಗಳು ಚರ್ಮದ ಹತ್ತಿರವೇ ಇರುತ್ತವೆ, ಅವುಗಳ ಗೋಡೆ ತೆಳು. ಒತ್ತಿದರೆ ರಕ್ತ ಸೋರಬಹುದು. ಒಳಗೆ ಹೆಪ್ಪುಗಟ್ಟಿದ್ದು ಅಲುಗಿದರೆ ಇನ್ನೂ ಅಪಾಯ. ಎತ್ತಿಕೊಳ್ಳಿ, ತೊಳೆಯಿರಿ, ಮುದ್ದು ಮಾಡಿ. ನೀವಬೇಡಿ. ನೀವುವುದರಿಂದ ಆ ಕಾಲು ಸಣ್ಣದಾಗುವುದಿಲ್ಲ.

ಅವತ್ತು ಅವರು ಕಂಪ್ಯೂಟರಿನಲ್ಲಿ ಏನೋ ಬರೆದರು. ಇಲ್ಲಿ ಡಾಕ್ಟರರು ಬರೆದದ್ದು ಸಂಜೆಯೊಳಗೆ ರೋಗಿಯ ಫೋನಿಗೆ ಬರುತ್ತದೆ. ಅಳಿಯ ಓದಿ ಹೇಳಿದ. ಕೂಸಿನ ಅಳತೆ, ಹೃದಯ, ಗರ್ಭದ ನೀರು ಎಲ್ಲ ಆದ ಮೇಲೆ ಕೊನೆಯ ಸಾಲು: ಮಸಾಜಿನ ಬಗ್ಗೆ ಅಜ್ಜಿಗೆ ತಿಳಿವಳಿಕೆ ನೀಡಲಾಯಿತು.

ಮನೆಗೆ ಬರುವಾಗ ಫ್ರೀವೇ ಮೇಲೆ ಮಗಳು ಮುಂದಿನ ಸೀಟಿನಿಂದ ತಿರುಗಿ ಹೇಳಿದಳು. “ಅಮ್ಮಾ, ಐ ಲವ್ ಯು. ಬಟ್ ನಿನ್ ಕೈ ನಂಗೊತ್ತು. ಸಣ್ಣಾಕಿದ್ದಾಗ ನೀ ತಲಿ ಬಾಚಿದ್ದು ಐ ಸ್ಟಿಲ್ ರಿಮೆಂಬರ್. ಯು ಆರ್ ನಾಟ್ ಡೂಯಿಂಗ್ ದ ಬಾತ್.”

“ಮತ್ಯಾರ ಎರಿತಾರ?”

“ಅತ್ತಿ ಬರ್ತಾರಲ್ಲ, ಸೆಪ್ಟೆಂಬರ್‌ದಾಗ. ಅವ್ರ ಕೈ ಭಾಳ ಸಾಫ್ಟ್ ಅದಾವ.”

ಅತ್ತೆ ಎಂದರೆ ಅಳಿಯನ ತಾಯಿ, ಉಡುಪಿಯವರು, ನಮ್ಮ ಬೀಗಿತ್ತಿ. ಮದುವೆಯಲ್ಲಿ ನನ್ನ ಕೈಹಿಡಿದು ಮಾತಾಡಿದಾಗ ಹಿಡಿದದ್ದೇ ಗೊತ್ತಾಗಿರಲಿಲ್ಲ, ಅಷ್ಟು ಮೆತ್ತಗಿನ ಕೈ. ಅವತ್ತು ಅದು ನನಗೆ ದೊಡ್ಡ ಗುಣವಾಗಿ ಕಂಡಿರಲಿಲ್ಲ. ಊರವರ ಕೂಸುಗಳಿಗೆಲ್ಲ ಎರೆದವಳು ನನ್ನ ಮಗಳ ಕೂಸಿಗೆ ತಂಬಿಗೆ ಹಿಡಿದು ಪಕ್ಕದಲ್ಲಿ ನಿಲ್ಲಬೇಕು. ಯೂನಿಯನ್ ಸಿಟಿಯ ನಮ್ಮ ಮನೆಯ ಮುಂದೆ ಇಳಿದ ಮೇಲೆ ಕೇಳಿದೆ: “ಕೈ ಹಗುರ ಮಾಡ್ಕೊಂಡ್ರ?”

“ದೆನ್ ವೀ ವಿಲ್ ಸೀ,” ಎಂದಳು ಮಗಳು.

ಅವತ್ತಿನಿಂದ ನನ್ನ ಅಭ್ಯಾಸ ಶುರುವಾಯಿತು. ಮೊದಲು ಗಾಳಿ ತುಂಬಿದ ಬಲೂನಿಗೆ ಎಣ್ಣೆ ಹಚ್ಚಿದೆ. ಒಡೆಯಿತು. ಆಮೇಲೆ ಮಾಗಿದ ಅವಕಾಡೊ. ಬೆರಳು ಬೀಜಕ್ಕೆ ತಾಗಿತು. ಆಮೇಲೆ ನಮ್ಮ ಮನೆಯವರ ಬೋಳು ತಲೆ. ಅವರು ಕ್ರಿಕೆಟ್ ನೋಡುತ್ತ ಕೂತಾಗ ಹಿಂದಿನಿಂದ ಬಂದು ಹೂವಿನಂತೆ ಸವರುವುದು, ಅವರಿಗೆ ಗೊತ್ತಾಗದಿದ್ದರೆ ನಾನು ಪಾಸು.

“ಹೂವಿನಂಗ ಅಂದ್ರ ಕುಂಡಲಿ ಸಮೇತ ಏನು?” ಎಂದು ಅವರು ಟೀವಿಯಿಂದ ಕಣ್ಣು ತೆಗೆಯದೆ ಕೇಳಿದರು. ಕುಂಡಲಿ ಎಂದರೆ ನಮ್ಮ ಕಡೆ ಹೂವಿನ ಕುಂಡ.

ಎರಡು ವಾರಕ್ಕೊಮ್ಮೆ ಸ್ಕ್ಯಾನು ಆಗುತ್ತಿತ್ತು. ಇಂಡಿಯನ್ ಗ್ರೋಸರಿಯವರು ಕೊಟ್ಟ ಕ್ಯಾಲೆಂಡರಿನಲ್ಲಿ, ಏಕಾದಶಿ ಸಂಕಷ್ಟಿಗಳ ನಡುವೆ, ನಾನು ಬರೆದಿಡುತ್ತಿದ್ದೆ. “ಹೃದಯ ಆರಾಮ. ಕಾಲು ಹಟ.” ಮತ್ತೆರಡು ವಾರಕ್ಕೆ: “ಹೃದಯ ಆರಾಮ. ಕಾಲು ಇನ್ನೂ ಹಟ. ಮಜ್ಜಿಗೆ ಹುಳಿ ಆಗಿತ್ತು.” ಕೂಸಿನ ಎಡಗಾಲನ್ನು ನಾವು ಮನೆಯಲ್ಲಿ ‘ದೊಡ್ಡವರು’ ಎಂದು ಕರೆಯಲು ಶುರು ಮಾಡಿದೆವು. ದೊಡ್ಡವರು ಇವತ್ತು ಹೇಗಿದ್ದಾರೆ, ದೊಡ್ಡವರು ಒದ್ದರಾ ಎಂದು. ಹೆಸರಿಟ್ಟವಳು ಮಗಳೇ. ಅದರಿಂದ ಅವಳಿಗೆ ಆ ಕಾಲಿನ ಬಗ್ಗೆ ಮಾತಾಡುವುದು ಸುಲಭವಾಯಿತು.

ಸೆಪ್ಟೆಂಬರಿನಲ್ಲಿ ಬೀಗಿತ್ತಿ ಬಂದಿಳಿದರು. ಎರಡು ಸೂಟ್‌ಕೇಸು ತುಂಬ ಹಲಸಿನ ಹಪ್ಪಳ ಮತ್ತು ಬಾಣಂತಿ ಮದ್ದು. ಅಳಿಯ ಏರ್‌ಪೋರ್ಟಿನಿಂದ ಬರುತ್ತಲೇ ಹೆಮ್ಮೆಯಿಂದ ಹೇಳಿದ. “ನಮ್ಮಮ್ಮ ನಂಗೂ ಅಕ್ಕಂಗೂ ಅವ್ರೇ ಸ್ನಾನ ಮಾಡ್ಸಿದ್ದು. ಎಕ್ಸ್‌ಪರ್ಟು.” ಬೀಗಿತ್ತಿ ತಲೆ ಬಗ್ಗಿಸಿ ಹಪ್ಪಳದ ಗಂಟು ಬಿಚ್ಚುತ್ತಿದ್ದರು.

ಮೂರನೆಯ ದಿನ ಮಧ್ಯಾಹ್ನ ನಮ್ಮ ಮನೆಗೆ ಊಟಕ್ಕೆ ಬಂದಾಗ, ಹಿತ್ತಲಲ್ಲಿ ಕರಿಬೇವು ಬಿಡಿಸುತ್ತ ಇಬ್ಬರೇ ಕೂತಿದ್ದೆವು. ಅವರು ಒಂದೊಂದೇ ಎಲೆ ಕಿತ್ತು ಬುಟ್ಟಿಗೆ ಹಾಕುತ್ತಿದ್ದರು. ನಾನು ಕಡ್ಡಿ ಹಿಡಿದು ಒಂದೇ ಸಲ ಸರ್ರೆಂದು ಎಳೆಯುತ್ತಿದ್ದೆ.

“ನಿಮ್ಮ ಹತ್ರ ಒಂದು ಹೇಳ್ಬೇಕಿತ್ತು ಮಾರಾಯ್ರೆ,” ಎಂದರು. “ಯಾರಿಗೂ ಹೇಳ್ಬಾರ್ದು ಆಯ್ತಾ?”

“ಹೇಳ್ರೀ ಅಕ್ಕಾರ.”

“ನಾನು ಒಂದು ಮಗುವನ್ನೂ ಮೀಯಿಸಿದವಳಲ್ಲ. ನಮ್ಮಲ್ಲಿ ಅದಕ್ಕೇಂತ ಒಬ್ಬರು ಬರ್ತಿದ್ರು. ನಾನು ಬಾಗಿಲ ಹತ್ರ ಟವಲು ಹಿಡ್ಕೊಂಡು ನಿಲ್ಲುದು. ನೀರಲ್ಲಿ ಜಾರುವ ಮಗು ಅಂದ್ರೆ ನಂಗೆ ಕೈಕಾಲು ನಡುಗ್ತದೆ. ಈ ಮಗನಿಗೆ ಎಂತಕ್ಕೋ ನಾನೇ ಮೀಯಿಸಿದ್ದೂಂತ ತಲೆಯಲ್ಲಿ ಉಂಟು. ಅವ ಎಲ್ಲರ ಹತ್ರ ಹೇಳುವಾಗ ಅಲ್ಲಾಂತ ಹೇಳ್ಲಿಕ್ಕೆ ನಂಗೂ ಬಾಯಿ ಬರ್ಲಿಲ್ಲ.”

ಎರಡು ತಿಂಗಳಿಂದ ನಾನು ಯಾರ ಮೇಲೆ ಹೊಟ್ಟೆಕಿಚ್ಚು ಪಟ್ಟಿದ್ದೆನೋ ಅವರು ನನ್ನೆದುರು ಕರಿಬೇವಿನ ಎಲೆಯನ್ನು ಸುರುಳಿ ಸುತ್ತುತ್ತ ಕೂತಿದ್ದರು. ನನಗೆ ನಗು ಬಂತು. ಅವರಿಗೂ ಬಂತು. ಅಡುಗೆಮನೆಯ ಕಿಟಕಿಯಿಂದ ನಮ್ಮ ಮನೆಯವರು ಇಣುಕಿ, “ಬೀಗರು ಸೇರಿ ನನ್ನ ತಲಿ ಸುದ್ದಿ ಮಾತಾಡಾಕತ್ತೀರೇನು?” ಎಂದು ಕೇಳಿದರು.

“ಆ ಕೈ ಎಲ್ಲಿಂದ ಬಂತ್ರೀ ಮತ್ತ, ಅಷ್ಟು ಹಗುರ?” ಎಂದು ನಾನು ಕೇಳಿದೆ.

“ಹಪ್ಪಳ,” ಎಂದರು. “ಹಸಿ ಹಪ್ಪಳ ಎತ್ತುದು ಉಂಟಲ್ಲ, ಬೆರಳಲ್ಲಿ ಎತ್ತಿದ್ರೆ ಹರೀತದೆ. ಉಸಿರು ಬಿಟ್ಟುಕೊಂಡು ಎತ್ತಬೇಕು. ಉಸಿರು ಕಟ್ಟಿದ್ರೆ ಕೈ ಭಾರ ಆಗ್ತದೆ.”

ಇಷ್ಟು ವರ್ಷ ಯಾರೂ ನನಗೆ ಇದನ್ನು ಹೇಳಿರಲಿಲ್ಲ. ನಾನು ಕೂಸು ನೀವುವಾಗ ಉಸಿರು ಕಟ್ಟುತ್ತೇನೆ, ಕಣಕ ನಾದುವಾಗ ಕಟ್ಟುತ್ತೇನೆ, ಫ್ರೀವೇಯಲ್ಲಿ ಲೇನ್ ಬದಲಿಸುವಾಗಲೂ ಕಟ್ಟುತ್ತೇನೆ. ಅವತ್ತಿನಿಂದ ನಮ್ಮ ಒಪ್ಪಂದ: ಅವರು ನನಗೆ ಉಸಿರು ಕಲಿಸುವುದು, ನಾನು ಅವರಿಗೆ ಕೂಸು ಹಿಡಿಯಲು ಕಲಿಸುವುದು. ಒಂದು ಸೋರೆಕಾಯಿಗೆ ಎಣ್ಣೆ ಹಚ್ಚಿ, ಬಾತ್‌ಟಬ್ಬಿನಲ್ಲಿ ಕೂತು, ಕತ್ತಿನ ಕೆಳಗೆ ಕೈಯಿಟ್ಟು ಹೇಗೆ ತಿರುಗಿಸಬೇಕೆಂದು ತೋರಿಸಿದೆ. ಅವರು ಮೂರು ಸಲ ಬೀಳಿಸಿದರು. ನಾಲ್ಕನೆಯ ಸಲ ಬೀಳಿಸಲಿಲ್ಲ, ಆದರೆ ಅದಕ್ಕೆ “ಅಯ್ಯೋ ಚಿನ್ನಾ” ಎಂದುಬಿಟ್ಟರು. ಆ ಸೋರೆಕಾಯಿಯನ್ನು ಹುಳಿಗೆ ಹೆಚ್ಚಲು ಇಬ್ಬರಿಗೂ ಮನಸ್ಸಾಗದೆ ಮನೆಯವರಿಂದ ಹೆಚ್ಚಿಸಿದೆವು.

ಅಕ್ಟೋಬರಿನಲ್ಲಿ ಅಳಿಯನಿಗೆ ನಮ್ಮ ಅಭ್ಯಾಸದ ಸುಳಿವು ಹತ್ತಿತು. ನನ್ನದು ಮಾತ್ರ, ಅವನ ತಾಯಿಯದಲ್ಲ. ಅವನು ಎಂಜಿನಿಯರು. “ಹಗುರ ಅಂದ್ರೆ ಎಷ್ಟು ಹಗುರ ಅತ್ತೆ? ನಂಬರ್ ಬೇಡ್ವಾ?” ಎಂದು, ತಾನು ಬ್ರೆಡ್ಡು ಮಾಡಲು ಹಿಟ್ಟು ತೂಗುವ ಪುಟ್ಟ ತಕ್ಕಡಿಯನ್ನು ಮೇಜಿನ ಮೇಲೆ ತಂದಿಟ್ಟ. ಆ ಹೊತ್ತಿಗೆ ಪಕ್ಕದ ಮನೆಯವರ ಮರದಲ್ಲಿ ಪರ್ಸಿಮನ್ ಹಣ್ಣಾಗಿ, ಪ್ರತಿ ವರ್ಷದಂತೆ ಒಂದು ಚೀಲ ನಮ್ಮ ಬಾಗಿಲಲ್ಲಿಟ್ಟು ಹೋಗಿದ್ದರು. ನೋಡಲು ಕೇಸರಿ ಬಣ್ಣದ ಟೊಮೆಟೊ. ಪೂರ್ತಿ ಮಾಗಿದರೆ ಚರ್ಮದೊಳಗೆ ಬರೀ ರಸ, ಕಣ್ಣು ಬಿಟ್ಟು ನೋಡಿದರೂ ಒಡೆಯುತ್ತದೆ. ಅಳಿಯ ಒಂದನ್ನು ತಕ್ಕಡಿಯ ಮೇಲೆ ಕೂರಿಸಿ, ಗುಂಡಿ ಒತ್ತಿ ಸೊನ್ನೆ ಮಾಡಿದ. ಈಗ ಎಣ್ಣೆ ಹಚ್ಚಬೇಕು. ತೋರಿಸುವ ತೂಕವೆಲ್ಲ ನನ್ನ ಕೈಯದೇ. ಮೂವತ್ತು ಗ್ರಾಮು ದಾಟಿದರೆ ಫೇಲು.

“ಮೂವತ್ತು ಗ್ರಾಮಂದ್ರ ಎಷ್ಟೋ?”

“ಇಪ್ಪತ್ತೈದು ಬಾದಾಮಿ ಅತ್ತೆ.”

ಮೊದಲ ಸಲ ತಕ್ಕಡಿ ಅಂಕಿಯನ್ನೇ ತೋರಿಸಲಿಲ್ಲ. ಕೆಂಪು ಅಕ್ಷರದಲ್ಲಿ ‘ಎರರ್’ ಎಂದಿತು. ಅಷ್ಟರಲ್ಲಿ ಹಣ್ಣು ಅಳಿಯನ ಆಫೀಸಿನ ಅಂಗಿಯ ಮೇಲಿತ್ತು. ಮಗಳು ಸೋಫಾದಲ್ಲಿ ಹೊಟ್ಟೆಯ ಮೇಲೆ ಎರಡೂ ಕೈಯಿಟ್ಟುಕೊಂಡು ಎಷ್ಟು ನಕ್ಕಳೆಂದರೆ, “ಸ್ಟಾಪ್, ದೊಡ್ಡವರು ಒದೀಲಿಕ್ಕತ್ತಾರ,” ಎಂದಳು.

ದಿನಕ್ಕೊಂದು ಹಣ್ಣು. ಒಡೆದದ್ದನ್ನು ನಮ್ಮ ಮನೆಯವರು ತಿನ್ನುವುದು. ಅಳಿಯ ಫೋನಿನಲ್ಲಿ ಪಟ್ಟಿ ಮಾಡಿದ: ನಾನೂರು ಗ್ರಾಮು, ಇನ್ನೂರ ಅರವತ್ತು, ಒಂದು ದಿನ ಸೀನಿದ್ದರಿಂದ ಒಂಬೈನೂರು. ಬೀಗಿತ್ತಿ ಪಕ್ಕದಲ್ಲಿ ನಿಂತು ಮೆಲ್ಲಗೆ “ಉಸಿರು, ಉಸಿರು” ಎನ್ನುವರು. ಎರಡನೆಯ ವಾರಕ್ಕೆ ಮನೆಯವರು, “ಲಗೂ ಪಾಸಾಗು ಮಾರಾಯ್ತಿ, ನನ್ನ ಹೊಟ್ಟಿ ಕೆಟ್ಟೈತಿ,” ಎಂದರು. ಧಾರವಾಡದವರ ಬಾಯಲ್ಲಿ ಮಾರಾಯ್ತಿ ಬಂದದ್ದು ನೋಡಿ ಬೀಗಿತ್ತಿಗೆ ಪರಮಾನಂದ.

ನಡುವೆ ಒಂದು ಸ್ಕ್ಯಾನಿನ ದಿನ ಮಾತ್ರ ಯಾರೂ ನಗಲಿಲ್ಲ. ಎಂಟನೆಯ ತಿಂಗಳು. ಕಾಲು ಒಮ್ಮೆಗೇ ಬಹಳ ಬೆಳೆದಿತ್ತು. ಡಾಕ್ಟರಮ್ಮ ತಾವೇ ಕೂತು ಹೃದಯವನ್ನೇ ನೋಡತೊಡಗಿದರು. ಪರದೆಯ ಮೇಲೆ ನೀಲಿ ಕೆಂಪು ಬಣ್ಣ ಮಿನುಗುವುದು, ಆಕೆ ಅಳೆಯುವುದು, ಮತ್ತೆ ಅಳೆಯುವುದು. ನಾನು ಗೋಡೆಯ ಮೇಲಿನ ಕೈ ತೊಳೆಯುವ ವಿಧಾನದ ಚಿತ್ರಪಟವನ್ನು ಆರು ಸಲ ಓದಿದೆ. ಕೊನೆಗೆ ಆಕೆ ತಿರುಗಿ, “ಹೃದಯ ಚೆನ್ನಾಗಿದೆ. ಕೆಲಸ ಹೆಚ್ಚಾಗಿದೆ, ಆದರೆ ಮಾಡುತ್ತಿದೆ,” ಎಂದರು.

ಮಗಳು ಅಲ್ಲಿಯವರೆಗೆ ಒಂದು ಸಲವೂ ಅತ್ತಿರಲಿಲ್ಲ. ಡಾಕ್ಟರಮ್ಮ ಹೊರಗೆ ಹೋದ ಮೇಲೆ, ಜೆಲ್ಲು ಒರೆಸಿಕೊಳ್ಳುತ್ತ, ಅತ್ತಳು. ನಾನು ಬೆನ್ನು ಸವರಲು ಕೈ ಎತ್ತಿದೆ. ಆಮೇಲೆ ನನ್ನ ಕೈ ನೆನಪಾಗಿ ಗಾಳಿಯಲ್ಲೇ ನಿಲ್ಲಿಸಿ, ಉಸಿರು ಬಿಟ್ಟು, ಹಸಿ ಹಪ್ಪಳದ ಹಾಗೆ ಇಟ್ಟೆ.

“ಅಮ್ಮಾ, ವಾಟ್ ಈಸ್ ದಟ್,” ಎಂದಳು, ಅಳುತ್ತಲೇ. “ನನಗಲ್ಲ ಅದು. ನನಗ ಒತ್ತು. ಜೋರ್ ಒತ್ತು.”

ಒತ್ತಿದೆ. ಕತ್ತಿನಿಂದ ಸೊಂಟದವರೆಗೆ, ನನ್ನ ಅಜ್ಜಿ ಒತ್ತುತ್ತಿದ್ದ ಹಾಗೆ. ನರ್ಸು ಬಾಗಿಲು ತೆರೆದು ನೋಡಿ, ಮುಚ್ಚಿಕೊಂಡು ಹೋದಳು.

ಹಣ್ಣಿನ ಚೀಲ ಮುಗಿಯುವ ಹೊತ್ತಿಗೆ ನಾನು ಇಪ್ಪತ್ತೆಂಟು ಗ್ರಾಮಿಗೆ ಇಳಿದಿದ್ದೆ. ಅಳಿಯ ಎರಡು ಸಲ ತಕ್ಕಡಿಯ ಬ್ಯಾಟರಿ ನೋಡಿದ. ಆದರೂ ಮಗಳು ಹೂಂ ಎನ್ನಲಿಲ್ಲ. “ಹಣ್ಣು ಬೇರೆ, ಬೇಬಿ ಬೇರೆ. ಡಾಕ್ಟರ್ ಹೇಳ್ಲಿ,” ಎಂದಳು.

ನವೆಂಬರಿನ ಕೊನೆಗೆ, ಕಾಲು ದೊಡ್ಡದೆಂದು ಮೊದಲೇ ದಿನ ಗೊತ್ತು ಮಾಡಿ, ಆಪರೇಶನ್ ಮಾಡಿ ಕೂಸನ್ನು ತೆಗೆದರು. ಹೆಣ್ಣು. ಹೊರಗೆ ಬರುತ್ತಲೇ ಇಡೀ ಮಹಡಿಗೆ ಕೇಳುವಂತೆ ಅತ್ತಳಂತೆ. ಎರಡು ದಿನ ಅವಳನ್ನು ಬೇರೆ ಕೋಣೆಯಲ್ಲಿಟ್ಟು ನೋಡಿಕೊಂಡರು. ಹೃದಯ ಸರಿಯಿತ್ತು, ರಕ್ತವೂ ಸರಿಯಿತ್ತು. ದೊಡ್ಡವರನ್ನು ನಾನು ಮೊದಲು ಕಂಡದ್ದು ಮೂರನೆಯ ದಿನ. ಬಲಗಾಲು ಬೆರಳಿನಷ್ಟಿತ್ತು, ಎಡಗಾಲು ಬಲಗಾಲಿನ ಅಣ್ಣನಂತಿತ್ತು. ತೊಡೆಯ ಹೊರಬದಿಯಲ್ಲಿ, ನೇರಳೆ ಹಣ್ಣು ತಿಂದ ಕೈಯನ್ನು ಯಾರೋ ಒರೆಸಿ ಹೋದ ಹಾಗೆ, ಒಂದು ದೊಡ್ಡ ಕೆನ್ನೀಲಿ ಮಚ್ಚೆ. ಬೀಗಿತ್ತಿ ಬಗ್ಗಿ ನೋಡಿ, “ಪಾದ ಮಾತ್ರ ನಮ್ಮ ಕಡೇದು,” ಎಂದರು. ಅದುವರೆಗೆ ಆ ಕಾಲು ಯಾರ ಕಡೆಯದೂ ಅಲ್ಲವೆಂದು ಇಬ್ಬರೂ ಒಪ್ಪಿದ್ದೆವು. ನಾನು ಬಿಡಲಿಲ್ಲ. “ಮೊಣಕಾಲು ನಮ್ದು,” ಎಂದೆ.

ಮೂರನೆಯ ವಾರಕ್ಕೆ ಆಸ್ಪತ್ರೆಯಲ್ಲಿ ತೋರಿಸುವುದಿತ್ತು. ಬಿಗಿ ಸಾಕ್ಸಿಗಾಗಿ ಕಾಲಿನ ಅಳತೆ ತೆಗೆದರು, ಹೊಕ್ಕಳು ನೋಡಿದರು. ಇನ್ನು ಸ್ನಾನ ಮಾಡಿಸಬಹುದು ಎಂದರು. ಕೂಸು ಹುಟ್ಟಿದ ಮೇಲೆ ಅವಳನ್ನು ನೋಡುವ ಡಾಕ್ಟರು ಬೇರೆ, ಆದರೂ ಬೆಳ್ಳಿ ಕೂದಲಿನ ಡಾಕ್ಟರಮ್ಮ ಕೂಸನ್ನು ನೋಡಿಹೋಗಲೆಂದು ಬಂದಿದ್ದರು. ಮಗಳು ನನ್ನ ಕಡೆ ನೋಡಿದಳು, ಆಮೇಲೆ ಅವರ ಕಡೆ. “ಡಾಕ್ಟರ್, ನಮ್ಮಮ್ಮ ಅಭ್ಯಾಸ ಮಾಡಿದ್ದಾಳೆ. ಒಂದು ಸಲ ನೋಡುತ್ತೀರಾ?” ಎಂದು ಇಂಗ್ಲಿಷಿನಲ್ಲಿ ಕೇಳಿದಳು.

ಡಾಕ್ಟರಮ್ಮ ನಕ್ಕರು. ಅಂಗಿಯ ತೋಳು ಮಡಚಿ, ಕಣ್ಣು ಮುಚ್ಚಿ, ಕೈ ಚಾಚಿದರು. ಕಣ್ಣು ಮುಚ್ಚಿದ್ದು ಭಯಕ್ಕೋ ಪರೀಕ್ಷೆಗೋ ನಾನು ಕೇಳಲಿಲ್ಲ. ಬೀಗಿತ್ತಿ ನನ್ನ ಹಿಂದೆ ನಿಂತು ಗಟ್ಟಿಯಾಗಿ ಉಸಿರು ಬಿಟ್ಟರು. ನಾನೂ ಬಿಟ್ಟು, ಚೀಲದಲ್ಲಿ ತಂದಿದ್ದ ಎಣ್ಣೆಯನ್ನು ಬೆರಳಿಗೆ ಹಚ್ಚಿಕೊಂಡೆ.

ಸ್ವಲ್ಪ ಹೊತ್ತಿನ ಮೇಲೆ ಡಾಕ್ಟರಮ್ಮ, “ಶುರು ಮಾಡಿ, ಪರವಾಗಿಲ್ಲ,” ಎಂದರು.

“ಮೊಣಕೈವರೆಗೆ ಹೋಗಿ ವಾಪಸು ಬರುತ್ತಿದ್ದೇನೆ,” ಎಂದೆ.

ಆಕೆ ಕಣ್ಣು ತೆರೆದು ತೋಳು ನೋಡಿದರು. ಎಣ್ಣೆಯ ಗೆರೆ ಹೊಳೆಯುತ್ತಿತ್ತು, ಕೆಂಪು ಇರಲಿಲ್ಲ. ದೊಡ್ಡ ಕಾಲಿಗೆ ಎಣ್ಣೆ ಬೇಡ, ಬರೀ ನೀರು ಹನಿಸಿ ಮೆತ್ತಗೆ ತೊಳೆಯಿರಿ, ಉಳಿದ ಮೈಗೆ ಈ ಕೈ ಸಾಕು ಎಂದರು. ಆ ಸಂಜೆ ಅಳಿಯನ ಫೋನಿನಲ್ಲಿ ಏನಾದರೂ ಬಂದಿದೆಯೇ ಎಂದು ನಾನು ಮೂರು ಸಲ ಕೇಳಿದೆ. ನನ್ನ ಬಗ್ಗೆ ಈ ಸಲ ಏನೂ ಬರೆದಿರಲಿಲ್ಲ. ಅದೇ ಒಳ್ಳೆಯದು ಎಂದು ಮನೆಯವರು ಸಮಾಧಾನ ಹೇಳಿದರು.

ಮರುದಿನ ಬೆಳಿಗ್ಗೆ ಪ್ಲೆಸೆಂಟನ್‌ನಲ್ಲಿ ನೀರು ಕಾಯಿತು. ಅಕ್ಕಿ ಚೀಲದ ಹಿಂದಿನ ಮಣೆ ನನ್ನ ಜೊತೆ ಅಲ್ಲಿಗೆ ಬಂತು. ಅಳಿಯ ಫೋನು ಹಿಡಿದು ವಿಡಿಯೋಗೆ ತಯಾರಾಗಿ, “ಮೊದ್ಲ ದಿನ ಅಮ್ಮ ಮಾಡ್ಲಿ ಅತ್ತೆ, ಪ್ಲೀಸ್. ನಂಗೆ ಮಾಡಿದ್ ಕೈ ಅದು,” ಎಂದ.

ಬೀಗಿತ್ತಿಯ ಮುಖ ಬಿಳಿಚಿತು. “ನಂಗೆ ಮಂಡಿ ನೋವುಂಟು ಮಗಾ,” ಎಂದರು.

“ಯಾವತ್ತಿಂದ?”

“ಈಗಿಂದ.”

ನಾನು ತುಟಿ ಕಚ್ಚಿಕೊಂಡೆ. ಮಗಳು ಅತ್ತೆಯನ್ನು ನೋಡಿದಳು, ನನ್ನನ್ನು ನೋಡಿದಳು. ಅವಳಿಗೆ ಏನು ತಿಳಿಯಿತೋ, “ಅಮ್ಮಾ, ನೀನ ಕೂಡು,” ಎಂದು ಕೂಸನ್ನು ತಂದು ನನ್ನ ಕಾಲುಗಳ ಮೇಲೆ ಮಲಗಿಸಿದಳು. ಬೀಗಿತ್ತಿ ಬಾಗಿಲ ಹತ್ತಿರ ಟವಲು ಹಿಡಿದು ತಮ್ಮ ಹಳೆಯ ಜಾಗದಲ್ಲಿ ನಿಂತರು. ಅಲ್ಲಿಂದಲೇ “ಉಸಿರು” ಎಂದರು.

ಹೊಟ್ಟೆಗೆ ಎಣ್ಣೆ, ಎದೆಗೆ ಎಣ್ಣೆ, ಬೆರಳಿನಷ್ಟಿದ್ದ ಬಲಗಾಲಿಗೆ ಎಣ್ಣೆ. ಕೂಸು ಅಳಲಿಲ್ಲ. ಯಾರಪ್ಪಾ ಇದು, ಮುಟ್ಟುತ್ತಿದ್ದಾಳೋ ಇಲ್ಲವೋ ಎಂಬಂತೆ ನನ್ನನ್ನೇ ನೋಡುತ್ತಿತ್ತು. ದೊಡ್ಡವರ ಸರದಿ ಬಂತು. ಮಗಳು ಟಬ್ಬಿನ ಅಂಚು ಹಿಡಿದು ಬಗ್ಗಿದಳು. ನಾನು ತಂಬಿಗೆ ಓರೆ ಮಾಡಿ, ನೇರಳೆ ಮಚ್ಚೆಯ ಮೇಲೆ ನೀರಿನ ಎಳೆ ಬಿಟ್ಟು, ಅಂಗೈಯನ್ನು ಅದರ ಮೇಲೆ ಇಟ್ಟೂ ಇಡದ ಹಾಗೆ ತಂದೆ. ಕಾಲು ಬೆಚ್ಚಗಿತ್ತು. ಬಲಗಾಲಿಗಿಂತ ಬೆಚ್ಚಗೆ.

ಆಗ ದೊಡ್ಡವರು ಒದ್ದರು. ಇಪ್ಪತ್ತೆರಡು ದಿನದ ಕೂಸಿನ ಕಾಲಲ್ಲಿ ಅಷ್ಟು ಬಲವಿರುತ್ತದೆಂದು ನಾನು ತಿಳಿದಿರಲಿಲ್ಲ. ನನ್ನ ಕನ್ನಡಕ ಹಾರಿ ಟಬ್ಬಿನ ನೀರಿಗೆ ಬಿತ್ತು, ತಂಬಿಗೆ ಉರುಳಿತು, ಅಳಿಯನ ಫೋನೂ ನೆನೆಯಿತು. ಮಗಳು ಒಂದು ಗಳಿಗೆ ಹಾಗೇ ನೋಡಿದಳು. ಆಮೇಲೆ ಟಬ್ಬಿನ ಅಂಚಿಗೆ ಹಣೆಯಿಟ್ಟು ನಗತೊಡಗಿದಳು. ಆ ನಗು ಹಾಗೇ ಅಳುವಾಯಿತು, ಬಾಗಿಲಲ್ಲಿ ಬೀಗಿತ್ತಿ ಕೂಸಿನ ಟವಲಿನಿಂದ ತಮ್ಮ ಕಣ್ಣು ಒರೆಸಿಕೊಂಡರು.

“ಯಾರ ಕಾಲಿದು ಅಂತ ಈಗ ಗೊತ್ತಾತು,” ಎಂದರು ನಮ್ಮ ಮನೆಯವರು ಹೊರಗಿನಿಂದ. “ಅಜ್ಜಿ ಕೈನ ಮೊಮ್ಮಗಳ ಕಾ‍ಲಾಗಿ ಬಂದೈತಿ.”

ಮನೆಗೆ ಬಂದು, ಹಳೆಯ ಕನ್ನಡಕ ಹುಡುಕಿ ಹಾಕಿಕೊಂಡು, ನೋಟುಬುಕ್ಕು ತೆಗೆದೆ. “ಎಣ್ಣೆ: ಅರ್ಧ ಚಮಚ. ಉಚ್ಚೆ: ಎಂದಿನಂತೆ ನನ್ನ ಮೇಲೆ. ನಿದ್ದೆ: ಇಪ್ಪತ್ತು ನಿಮಿಷ.” ಅತ್ತದ್ದು ಎಂಬಲ್ಲಿ ಪೆನ್ನು ಸ್ವಲ್ಪ ನಿಂತಿತು. “ಮೂವರು ಹೆಂಗಸರು,” ಎಂದು ಬರೆದೆ. “ಕೂಸಲ್ಲ.”